ವೆಲ್ಲಿಂಗ್ಟನ್ ದಂಡಿನ ಕಾಲ್ಚೆಂಡು ತಂಡವೂ ನಮ್ಮ ಕಾಲೇಜಿನ ಮೈದಾನವೂ

"ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂಬುದು ನಮ್ಮಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಗಾದೆ. ಬಡವರ ಮಕ್ಕಳು ಆಟದ ಮೈದಾನಕ್ಕೆ ಇಳಿದಾಗಲೆಲ್ಲ ಯಾರಾದರೊಬ್ಬರು ಈ ಗಾದೆಯನ್ನು ನೆನಪುಮಾಡಿಕೊಡದೆ ಇರುವುದಿಲ್ಲ. ವೇದ ಸುಳ್ಳಾದರೂ ಗಾದೆ ಸುಳ್ಳಾಗದೆನ್ನುತ್ತಾರೆ. ಗಾದೆಯನ್ನು ಸುಳ್ಳೆನ್ನುವ ಧೈರ್ಯ ನನಗಿಲ್ಲ; ಅದನ್ನು ಆಟದ ಮೇಲೆ ಪ್ರಯೋಗಿಸುವುದು ಸರಿಯಲ್ಲವೆಂಬುದಷ್ಟೇ ನನ್ನ ವಾದ. ಹೊಟ್ಟೆಗೆ ಹಿಟ್ಟು ಬಿದ್ದಿದೆಯೋ ಇಲ್ಲವೋ ಎಂಬುದನ್ನು ಎಲ್ಲರೆದುರಿಗೆ ತೂಗಿ ತೋರಿಸುವ ತಕ್ಕಡಿ ಆಟ. ಈ ಮಾತು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ಮೈದಾನದಲ್ಲಿ ತಿಳಿದದ್ದು. ಆ ಬಳಿಕ ಅದಕ್ಕೆ ಸಾಕ್ಷಿ ದೊರೆತದ್ದು ನೀಲಗಿರಿಯ ಒಂದು ದಂಡಿನ ಕಾಲ್ಚೆಂಡು ತಂಡದ ಇತಿಹಾಸದಲ್ಲಿ. ಎರಡನ್ನೂ ಸಹಪಾಠಿಗಳ ಮತ್ತು ಅಧ್ಯಾಪಕ ವರ್ಗದವರ ಮುಂದಿಡಲು ಈ ಸಂಚಿಕೆಯ ಕೆಲವು ಪುಟಗಳನ್ನು ಬೇಡಿಕೊಂಡಿದ್ದೇನೆ.

ಕಳೆದ ವರ್ಷ ನಮ್ಮ ಕಾಲೇಜಿನ ತಂಡ ಅಂತರ ಕಾಲೇಜು ಪಂದ್ಯಕ್ಕೆ ಹೋಗಿದ್ದುದು ಅನೇಕರಿಗೆ ನೆನಪಿರಬಹುದು. ಹನ್ನೊಂದು ಮಂದಿಯಲ್ಲಿ ನಾನೂ ಒಬ್ಬ. ಮೊದಲರ್ಧ ಮುಗಿದಾಗ ನಾವು ಒಂದು ಗೋಲಿನಿಂದ ಮುಂದಿದ್ದೆವು. ದ್ವಿತೀಯಾರ್ಧದಲ್ಲಿ ನಾಲ್ಕು ಗೋಲು ಬಿಟ್ಟುಕೊಟ್ಟೆವು. ಕಡೆಯ ಇಪ್ಪತ್ತು ನಿಮಿಷ ನಮ್ಮವರಲ್ಲಿ ಓಡುತ್ತಿದ್ದವರಿಗಿಂತ ನಿಂತಿದ್ದವರೇ ಹೆಚ್ಚು. ಆಟ ಮುಗಿದು ಹೊರಗೆ ಬರುವಾಗ ಗೆರೆಯ ಪಕ್ಕದಲ್ಲಿದ್ದ ಪ್ರೇಕ್ಷಕರೊಬ್ಬರು ತಮ್ಮ ಸ್ನೇಹಿತರಿಗೆ, "ಈ ಹಳ್ಳಿ ಹುಡುಗರಿಗೆ ಕಾಲಿದೆ, ದಮ್ಮಿಲ್ಲ, ಇವರ ಕೈಲಿ ಆಗೋದಲ್ಲ" ಎಂದರು. ದುರುದ್ದೇಶದಿಂದ ಹೇಳಿದ ಮಾತಲ್ಲ, ಕನಿಕರದಿಂದಲೇ ಹೇಳಿದ್ದು. ಆದರೆ ಅವರಿಗೆ ತಿಳಿಯದ ಸಂಗತಿಯೊಂದು ನನಗೆ ತಿಳಿದಿತ್ತು. ಅಂದು ಬೆಳಿಗ್ಗೆ ಆರು ಗಂಟೆಯ ಬಸ್ಸು ಹಿಡಿದು ಬಂದಿದ್ದ ನಮ್ಮಲ್ಲಿ ಐದು ಮಂದಿ ಮಧ್ಯಾಹ್ನ ಮೂರರವರೆಗೆ ಒಂದು ಲೋಟ ಚಹಾ, ಎರಡು ಬನ್ನುಗಳ ಮೇಲೆ ಇದ್ದರು. ಆ ಐದು ಮಂದಿಯಲ್ಲಿಯೂ ನಾನೊಬ್ಬ.

ಊರಿಗೆ ಬಂದು ಈ ಮಾತನ್ನು ನಮ್ಮ ತಾತನ ಮುಂದೆ ಹೇಳಿದೆ. ತಾತ 1956ರಲ್ಲಿ, ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ, ಗುಂಡ್ಲುಪೇಟೆಯ ಕಡೆಯ ನಮ್ಮ ಹಳ್ಳಿಯಿಂದ ಬೆಟ್ಟ ಹತ್ತಿ ಹೋಗಿ ವೆಲ್ಲಿಂಗ್ಟನ್ನಿನ ಮದ್ರಾಸ್ ರೆಜಿಮೆಂಟಿನ ಕೇಂದ್ರದಲ್ಲಿ ಅಡುಗೆಮನೆಯ ಕೆಲಸಕ್ಕೆ ಸೇರಿದವರು. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತವರೂ ಅವರೇ. ಕಲಿತದ್ದು ಮಾತ್ರ ಕನ್ನಡ ಅಕ್ಷರವನ್ನಲ್ಲ. ದಂಡಿನಲ್ಲಿ ಹೇಳಿಕೊಟ್ಟ ರೋಮನ್ ಅಕ್ಷರವನ್ನು. ಆದಕಾರಣ ಅವರ ಮೊಮ್ಮಗ ಬಿ.ಎ. ಓದುತ್ತಿದ್ದರೂ ಅವನು ಬರೆದ ಕನ್ನಡವನ್ನು ಅವರು ಕಿವಿಯಿಂದ ಕೇಳಬೇಕೇ ವಿನಾ ಕಣ್ಣಿಂದ ಓದಲಾರರು. ನನ್ನ ಮಾತನ್ನೆಲ್ಲ ಕೇಳಿ ತಾತ ನಕ್ಕರು. "ದಮ್ಮು ಅನ್ನೋದು ಅಡುಗೆಮನೆಯಿಂದ ಬರೋದು ಕಣೋ. ನಾನೇ ಬಡಿಸಿದ್ದೀನಿ" ಎಂದರು. ಹೀಗೆಂದು ಅವರು ಹೇಳಿದ್ದು 1958ರಲ್ಲಿ ಡ್ಯೂರಾಂಡ್ ಕಪ್ ಗೆದ್ದ ತಂಡದ ವಿಷಯ. ಆ ದಿನದಿಂದ ಆ ತಂಡದ ಸಂಗತಿಯನ್ನು ಸಿಕ್ಕಿದಲ್ಲೆಲ್ಲ ಓದಿ, ಕೇಳಿ, ಕೂಡಿಸಿದ್ದೇನೆ.

ವೆಲ್ಲಿಂಗ್ಟನ್ ನಮಗೆ ದೂರದ ಊರಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಕಾಡು ದಾಟಿ, ಉದಕಮಂಡಲ ಹತ್ತಿ ಕೂನೂರಿನ ಕಡೆಗೆ ಇಳಿದರೆ ಸಿಕ್ಕುವ ದಂಡಿನ ಪ್ರದೇಶ. ಸಮುದ್ರಮಟ್ಟದಿಂದ ಸುಮಾರು 6,000 ಅಡಿ ಎತ್ತರ. ಹಿಂದೆ ಅದರ ಹೆಸರು ಜಕ್ಕತಳ. ಸುತ್ತಲೂ ಬಡಗರ ಹಟ್ಟಿಗಳು. ಬಡಗಣ, ಎಂದರೆ ಉತ್ತರದ, ಮೈಸೂರು ಸೀಮೆಯಿಂದ ಹೋದವರೆಂದೇ ಅವರಿಗೆ ಆ ಹೆಸರು ಬಂತೆನ್ನುತ್ತಾರೆ. ಅವರ ನುಡಿ ಕನ್ನಡದ ತೀರ ಹತ್ತಿರದ ಬಳಗ. ಆಂಗ್ಲರು ಅಲ್ಲಿ ಸಿಪಾಯಿಗಳ ವಸತಿಗಳನ್ನು ಕಟ್ಟಿ ವೆಲ್ಲಿಂಗ್ಟನ್ನಿನ ಡ್ಯೂಕನ ಹೆಸರಿಟ್ಟರು. ಈತ ಯಾರು? 1799ರಲ್ಲಿ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿದ್ದ ಆರ್ಥರ್ ವೆಲ್ಲೆಸ್ಲಿಯೇ ಈತ. 1803ರಲ್ಲಿ ಅಸ್ಸಾಯೆಯಲ್ಲಿ ಮರಾಠರ ಮೇಲೆ ಗೆಲುವು ಪಡೆದದ್ದೂ ಈತನೇ. ಆ ಗೆಲುವಿನಲ್ಲಿ ಮದ್ರಾಸಿನ ದೇಶೀ ಸಿಪಾಯಿಗಳ ಪಾಲು ದೊಡ್ಡದು. ಮದ್ರಾಸ್ ರೆಜಿಮೆಂಟಿನ ಲಾಂಛನದಲ್ಲಿರುವ ಆನೆ ಆ ಕಾಳಗದ ಗುರುತು.

ಇಲ್ಲಿಗೆ ಒಂದು ವಿಚಿತ್ರವನ್ನು ಗಮನಿಸಬೇಕು. ಹೈದರಾಲಿ, ಟಿಪ್ಪು, ಮರಾಠರು ಇಷ್ಟು ಜನರ ಎದುರು ನಿಂತು ಕಂಪೆನಿಗೆ ರಾಜ್ಯ ಗಳಿಸಿಕೊಟ್ಟ ದಕ್ಷಿಣದ ಸಿಪಾಯಿಯನ್ನು, ನೂರು ವರ್ಷ ಕಳೆಯುವುದರೊಳಗೆ, "ಇವನು ಯುದ್ಧಕ್ಕೆ ತಕ್ಕವನಲ್ಲ" ಎಂದು ಅದೇ ಸರ್ಕಾರ ತೀರ್ಮಾನಿಸಿತು. ಮೊದಲು ಮದ್ರಾಸಿನ ಸೈನ್ಯಕ್ಕೂ, ಬಳಿಕ 1885ರಿಂದ 1893ರವರೆಗೆ ಇಡೀ ಭಾರತದ ಸೈನ್ಯಕ್ಕೂ ದಂಡನಾಯಕನಾಗಿದ್ದ ಲಾರ್ಡ್ ರಾಬರ್ಟ್ಸ್ ಈ ಮತದ ಪ್ರಮುಖ ಪ್ರತಿಪಾದಕ. ದೀರ್ಘಕಾಲದ ಶಾಂತಿ ಸುಭಿಕ್ಷಗಳಿಂದ ಈ ಜನ ಮೆತ್ತಗಾಗಿದ್ದಾರೆಂಬುದು ಅವನ ಅಭಿಪ್ರಾಯ. 1897ರಲ್ಲಿ ಹೊರಬಂದ ಆತ್ಮಕಥೆಯಲ್ಲಿಯೂ ಅದನ್ನು ಬರೆದಿಟ್ಟ. ಕೆಲವು ಕುಲಗಳು ಹುಟ್ಟಿನಿಂದಲೇ ವೀರ ಕುಲಗಳು, ಉಳಿದವು ಅಲ್ಲ ಎಂಬುದು ಸರ್ಕಾರದ ಸಿದ್ಧಾಂತವಾಯಿತು. 1922ರಲ್ಲಿ 3ನೆಯ ಮದ್ರಾಸ್ ರೆಜಿಮೆಂಟ್ ಎಂದು ಹೆಸರು ಪಡೆದ ಪಡೆಯ ಪದಾತಿ ಪಟಾಲಮುಗಳನ್ನು ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ವಿಸರ್ಜಿಸಿದರು. ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಂಥ ಪಡೆ ಉಳಿಯಿತೆಂಬುದು ನಿಜ. ಆದರೆ ಬಂದೂಕು ಹಿಡಿದು ಮುಂದೆ ನಡೆಯುವ ಕಾಲಾಳಿನ ಪಟ್ಟಿಯಿಂದ ದಕ್ಷಿಣದವನ ಹೆಸರು ಹೆಚ್ಚುಕಡಿಮೆ ಅಳಿಸಿಹೋಯಿತು.

ಗೆರೆಯ ಪಕ್ಕದಲ್ಲಿ ನಿಂತು "ಇವರ ಕೈಲಿ ಆಗೋದಲ್ಲ" ಎಂದ ಆ ಪ್ರೇಕ್ಷಕರ ಮಾತಿಗೂ ಲಾರ್ಡ್ ರಾಬರ್ಟ್ಸನ ಮಾತಿಗೂ ನನಗೆ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಇಬ್ಬರೂ ಕಣ್ಣಿಗೆ ಕಂಡದ್ದನ್ನೇ ಹೇಳಿದರು. ಕಾರಣವನ್ನು ಮಾತ್ರ ಹುಡುಗನ ಹುಟ್ಟಿನಲ್ಲಿ ಹುಡುಕಿದರು.

ಈ ಸಿದ್ಧಾಂತವನ್ನು ಮುರಿದದ್ದು ಯಾರ ವಾದವೂ ಅಲ್ಲ. ಅದನ್ನು ಮುರಿದದ್ದು ಅಗತ್ಯ. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾದಾಗ ಸುಮಾರು 2 ಲಕ್ಷವಿದ್ದ ಭಾರತದ ಸೈನ್ಯ 1945ರ ಹೊತ್ತಿಗೆ 25 ಲಕ್ಷವಾಯಿತು. ಇಷ್ಟು ಜನವನ್ನು ನಾಲ್ಕಾರು "ವೀರ ಕುಲ"ಗಳಿಂದ ತೆಗೆಯುವುದು ಸಾಧ್ಯವೆ? ಜಪಾನೀಯರು ಬರ್ಮಾವನ್ನು ಹೊಕ್ಕಾಗ ಕುಲದ ಲೆಕ್ಕ ಹಾಕುತ್ತ ಕುಳಿತುಕೊಳ್ಳುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಮದ್ರಾಸ್ ರೆಜಿಮೆಂಟಿಗೆ ಮತ್ತೆ ಜೀವ ಬಂತು. ಬೇಡವೆಂದು ಮನೆಗೆ ಕಳುಹಿಸಿದವರ ಮಕ್ಕಳನ್ನೇ ಕರೆದು ಸಮವಸ್ತ್ರ ಕೊಟ್ಟರು. ಅವರು ಬರ್ಮಾದ ಕಾಡುಗಳಲ್ಲಿ ಕಾದಿದರು. ರೆಜಿಮೆಂಟಿನ ಶಿಕ್ಷಣ ಕೇಂದ್ರ ಕೊಯಮತ್ತೂರಿನ ಬಳಿಯ ಮದುಕ್ಕರೈಯಿಂದ 1947ರಲ್ಲಿ ವೆಲ್ಲಿಂಗ್ಟನ್ನಿಗೆ ಬಂತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಸೈನ್ಯಗಳು ರಾಷ್ಟ್ರದ ಸೈನ್ಯದಲ್ಲಿ ಸೇರಿದಾಗ ನಮ್ಮ ಮೈಸೂರು ಸಂಸ್ಥಾನದ ಪದಾತಿ ದಳವೂ ಈ ರೆಜಿಮೆಂಟಿನ 18ನೆಯ ಪಟಾಲಮಾಯಿತು. ತಮಿಳು, ಮಲೆಯಾಳ, ತೆಲುಗು, ಕನ್ನಡ, ಕೊಡವ ಮಾತಾಡುವವರೆಲ್ಲ ಒಂದೇ ಪಂಕ್ತಿಯಲ್ಲಿ ತಟ್ಟೆ ಹಿಡಿದು ನಿಲ್ಲುತ್ತಿದ್ದರೆಂದು ತಾತ ಹೇಳುವುದುಂಟು. ಜಾತಿ ಕೇಳದೆ ಬಡಿಸುವ ಪಂಕ್ತಿಯನ್ನು ತಾವು ಮೊದಲು ಕಂಡದ್ದು ಅಲ್ಲಿಯೇ ಎಂದೂ ಹೇಳುತ್ತಾರೆ.

ಇನ್ನು ಕಾಲ್ಚೆಂಡಿನ ವಿಷಯ. ಈ ಆಟ ನಮ್ಮ ದೇಶಕ್ಕೆ ಬಂದದ್ದೂ ಬೆಳೆದದ್ದೂ ಬಹುಮಟ್ಟಿಗೆ ದಂಡಿನ ಬೂಟುಗಾಲಿನಲ್ಲಿ. ಸರ್ ಮಾರ್ಟಿಮರ್ ಡ್ಯೂರಾಂಡ್ 1888ರಲ್ಲಿ ಸಿಮ್ಲಾದಲ್ಲಿ ಪಂದ್ಯಾವಳಿಯನ್ನು ಸ್ಥಾಪಿಸಿದಾಗ ಅದು ಆಂಗ್ಲ ಪಡೆಗಳ ಆಟ. ಮೊದಲ ವರ್ಷ ಗೆದ್ದದ್ದು ರಾಯಲ್ ಸ್ಕಾಟ್ಸ್ ಫ್ಯುಸಿಲಿಯರ್ಸ್. ಮುಂಬಯಿಯ ರೋವರ್ಸ್ ಕಪ್ಪಿನ ಮಾತೂ ಹಾಗೆಯೇ. 1911ರಲ್ಲಿ ಬರಿಗಾಲಿನ ಮೋಹನ್ ಬಗಾನ್ ಕಲ್ಕತ್ತೆಯಲ್ಲಿ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಐ.ಎಫ್.ಎ. ಷೀಲ್ಡ್ ಪಡೆದದ್ದು ಎಲ್ಲರಿಗೂ ತಿಳಿದ ಕಥೆ. ನಮ್ಮವರಿಗೆ ಅಷ್ಟಾಗಿ ತಿಳಿಯದ ಕಥೆಯೆಂದರೆ ಬೆಂಗಳೂರು ಮುಸ್ಲಿಮ್ಸ್ ತಂಡದ್ದು. 1937ರಲ್ಲಿ ರೋವರ್ಸ್ ಕಪ್ಪನ್ನು ಗೆದ್ದ ಮೊದಲ ಭಾರತೀಯ ತಂಡ ಅದು, ಮರುವರ್ಷವೂ ಗೆದ್ದಿತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಗೋರಾ ಸಿಪಾಯಿಗಳು ಆಡುವುದನ್ನು ಬೇಲಿಯಾಚೆ ನಿಂತು ನೋಡಿದ ಹುಡುಗರೇ ಮುಂದೆ ಅವರನ್ನು ಸೋಲಿಸುವವರಾದರು. 1940ರಲ್ಲಿ ಮಹಮ್ಮಡನ್ ಸ್ಪೋರ್ಟಿಂಗ್ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಶೈರ್ ರೆಜಿಮೆಂಟನ್ನು 2–1ರಿಂದ ಸೋಲಿಸಿ ಡ್ಯೂರಾಂಡನ್ನೂ ತನ್ನದಾಗಿಸಿಕೊಂಡಿತು. ಬಳಿಕ ಯುದ್ಧದಿಂದಲೂ ದೇಶವಿಭಜನೆಯಿಂದಲೂ 1941ರಿಂದ 1949ರವರೆಗೆ ಡ್ಯೂರಾಂಡ್ ನಡೆಯಲಿಲ್ಲ.

1950ರಲ್ಲಿ ಪುನಃ ಆರಂಭವಾದಾಗ ಗೋರಾ ಪಡೆಗಳು ಹೊರಟುಹೋಗಿದ್ದವು. ಅವರ ಜಾಗವನ್ನು ತುಂಬಿದವರು ಹೈದರಾಬಾದ್ ನಗರದ ಪೊಲೀಸರು, ಕಲ್ಕತ್ತೆಯ ಈಸ್ಟ್ ಬೆಂಗಾಲ್ ಮತ್ತು ಮೋಹನ್ ಬಗಾನ್. ಐದು ವರ್ಷ ಕಪ್ಪು ಈ ಮೂವರಲ್ಲಿಯೇ ಓಡಾಡಿತು. ದಂಡಿನವರೇ ಸ್ಥಾಪಿಸಿದ ಪಂದ್ಯಾವಳಿಯನ್ನು ಸ್ವತಂತ್ರ ಭಾರತದ ದಂಡಿನವರು ಗೆಲ್ಲಲಾರರೇನೋ ಎಂಬ ಅನುಮಾನ ಹುಟ್ಟುವ ಸಮಯಕ್ಕೆ, 1955ರಲ್ಲಿ, ಮದ್ರಾಸ್ ರೆಜಿಮೆಂಟಲ್ ಸೆಂಟರ್ ಅಂತಿಮ ಪಂದ್ಯದಲ್ಲಿ ವಾಯುಸೇನೆಯ ತಂಡವನ್ನು 3–2ರಿಂದ ಸೋಲಿಸಿತು. 1958ರಲ್ಲಿ ಗೂರ್ಖಾ ಬ್ರಿಗೇಡನ್ನು 2–0ಯಿಂದ ಸೋಲಿಸಿ ಎರಡನೆಯ ಬಾರಿ ಗೆದ್ದಿತು. ಗೂರ್ಖರೆಂದರೆ ಆಂಗ್ಲರ ವೀರ ಕುಲಗಳ ಪಟ್ಟಿಯಲ್ಲಿ ತಲೆಯ ಮೇಲಿನ ಹೆಸರು. ಮೂವತ್ತು ವರ್ಷದ ಹಿಂದೆ ಯಾರ ಹೆಸರನ್ನು ಪಟ್ಟಿಯಿಂದ ಹೊಡೆದು ಹಾಕಿದ್ದರೋ ಅವರು ಪಟ್ಟಿಯ ಮೊದಲಿಗರೊಡನೆ ಸಮಸಮವಾಗಿ ಓಡಿ ಗೆದ್ದರು. ಗೂರ್ಖರನ್ನು ಕೀಳುಮಾಡಲು ನಾನಿದನ್ನು ಹೇಳುತ್ತಿಲ್ಲ. ಅವರೂ 1966 ಮತ್ತು 1969ರಲ್ಲಿ ಅದೇ ಕಪ್ಪನ್ನು ಗೆದ್ದ ಶೂರರು. ಪಟ್ಟಿಯೇ ಸುಳ್ಳೆಂದು ಹೇಳುತ್ತಿದ್ದೇನೆ.

ಆ ತಂಡದಿಂದ ಹೊರಬಂದವರಲ್ಲಿ ಪೀಟರ್ ತಂಗರಾಜ್ ಅವರ ಹೆಸರು ಚಿರಸ್ಥಾಯಿ. ಹೈದರಾಬಾದಿನ ಹುಡುಗ; ಅಲ್ಲಿಯ ಮಾರ್ನಿಂಗ್ ಸ್ಟಾರ್, ಫ್ರೆಂಡ್ಸ್ ಯೂನಿಯನ್ ಕ್ಲಬ್ಬುಗಳಲ್ಲಿ ಆಡಿ ಸೈನ್ಯಕ್ಕೆ ಸೇರಿದವರು. ವೆಲ್ಲಿಂಗ್ಟನ್ನಿಗೆ ಬಂದಾಗ ಅವರು ಮುಂಪಂಕ್ತಿಯ ಆಟಗಾರ, ಗೋಲು ಹೊಡೆಯುವವರು. ಬಹು ಎತ್ತರದ ಈ ಯುವಕ ಗೋಲು ಕಾಯುವವರಾಗಿ ಬದಲಾದದ್ದು ಅಲ್ಲಿ. 1955, 1958 ಎರಡು ಗೆಲುವಿನಲ್ಲೂ ಗೋಲಿನ ಕಂಬಗಳ ನಡುವೆ ನಿಂತವರು ಅವರೇ. 1956ರ ಮೆಲ್ಬರ್ನ್ ಮತ್ತು 1960ರ ರೋಮ್ ಒಲಿಂಪಿಕ್ಸ್‌ಗಳಿಗೆ ಹೋದರು. ಅವರ ನಾಯಕತ್ವದಲ್ಲಿ 1960–61ರ ಸಂತೋಷ್ ಟ್ರೋಫಿಯಲ್ಲಿ ಸರ್ವಿಸಸ್ ತಂಡ ಕೋಳಿಕ್ಕೋಡಿನಲ್ಲಿ ಬಂಗಾಳವನ್ನು ಸೋಲಿಸಿ ಮೊತ್ತಮೊದಲ ಬಾರಿ ರಾಷ್ಟ್ರೀಯ ಪ್ರಶಸ್ತಿ ಪಡೆಯಿತು. 1962ರಲ್ಲಿ ಜಕಾರ್ತದ ಏಷ್ಯನ್ ಕ್ರೀಡೆಗಳಲ್ಲಿ ಭಾರತ ದಕ್ಷಿಣ ಕೊರಿಯವನ್ನು 2–1ರಿಂದ ಸೋಲಿಸಿ ಚಿನ್ನದ ಪದಕ ಗೆದ್ದಾಗಲೂ ಗೋಲಿನಲ್ಲಿ ನಿಂತಿದ್ದವರು ತಂಗರಾಜ್. 1967ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಅಷ್ಟರಲ್ಲಿ ಅವರು ದಂಡನ್ನು ಬಿಟ್ಟು ಕಲ್ಕತ್ತೆಯ ಕ್ಲಬ್ಬುಗಳಿಗೆ ಹೋಗಿದ್ದರು. ಗೆದ್ದೆತ್ತಿನ ಬಾಲ ಹಿಡಿಯಲು ಎಲ್ಲರೂ ಬರುತ್ತಾರೆ. ಎತ್ತನ್ನು ಕಟ್ಟಿ ಮೇಯಿಸಿದ ಕೊಟ್ಟಿಗೆಯನ್ನು ಕೇಳುವವರಿಲ್ಲ.

ಯುದ್ಧಕಾಲದಲ್ಲಿ ದಂಡಿನ ತಂಡಗಳು ಬಲಗೊಂಡದ್ದು ಹೊಸದೇನೂ ಅಲ್ಲ ಎಂದು ಯಾರಾದರೂ ಹೇಳಬಹುದು. ಸರಿಯೇ. ಇಂಗ್ಲೆಂಡಿನ ಆಲ್ಡರ್‌ಷಾಟ್ ದಂಡಿನ ಊರು. ಎರಡನೆಯ ಮಹಾಯುದ್ಧದಲ್ಲಿ ಆ ಊರಿನ ಸಣ್ಣ ಕ್ಲಬ್ಬಿನ ಪರವಾಗಿ ಬ್ರಿಟನ್, ಕಲ್ಲಿಸ್, ಮರ್ಸರ್ ಎಂಬ ಇಂಗ್ಲೆಂಡ್ ತಂಡದ ಪ್ರಖ್ಯಾತರೇ ಆಡಿದರು. ದಂಡಿನಲ್ಲಿ ದೈಹಿಕ ಶಿಕ್ಷಕರಾಗಿ ಬಂದಿದ್ದವರು ಅವರು. ಅಮೆರಿಕದಲ್ಲಿ ಗ್ರೇಟ್ ಲೇಕ್ಸ್ ನೌಕಾ ಶಿಬಿರದ ತಂಡ, ಅವರ ಬಗೆಯ ಫುಟ್‌ಬಾಲಿನಲ್ಲಿ, ಹೆಸರಾಂತ ನೋತ್ರ್ ದಾಮ್ ವಿಶ್ವವಿದ್ಯಾಲಯದ ತಂಡವನ್ನು 1943ರಲ್ಲಿ 19–14ರಿಂದ ಸೋಲಿಸಿತು. ಆದರೆ ಅವೆಲ್ಲ ಬೇರೆಡೆ ತಯಾರಾದ ಆಟಗಾರರನ್ನು ಯುದ್ಧವೆಂಬ ಪ್ರವಾಹ ಒಂದು ಕಡೆ ತಂದು ಗುಡ್ಡೆಹಾಕಿದ ತಂಡಗಳು. ಯುದ್ಧ ಮುಗಿಯುತ್ತಲೇ ಅವರು ತಂತಮ್ಮ ಮನೆಗೆ ಹೋದರು. ವೆಲ್ಲಿಂಗ್ಟನ್ನಿನ ಸಂಗತಿ ಇದಕ್ಕೆ ತಿರುಗುಮುರುಗು. ಯುದ್ಧ ಬಾಗಿಲನ್ನು ಮಾತ್ರ ತೆರೆಯಿತು. ಆಟಗಾರರು ತಯಾರಾದದ್ದು ಯುದ್ಧ ಮುಗಿದ ಮೇಲೆ, ಆ ಬೆಟ್ಟದ ಮೇಲೆ. ಅದಕ್ಕಾಗಿಯೇ ನಮಗೆ ಅದರಿಂದ ಕಲಿಯುವುದಿದೆ.

ಏನು ಕಲಿಯುವುದಿದೆ? ತಾತನನ್ನು ಕೂರಿಸಿಕೊಂಡು ಅನೇಕ ಸಂಜೆ ಕೇಳಿದ್ದೇನೆ. ಆ ಹುಡುಗರಿಗೆ ಏನು ಮಂತ್ರ ಹೇಳಿಕೊಟ್ಟರು? ಮಂತ್ರವೇನೂ ಇರಲಿಲ್ಲ. ತಾತ ಬೆರಳು ಮಡಿಸಿ ಎಣಿಸಿದ್ದು ನಾಲ್ಕು. ಒಂದು, ಹೊತ್ತಿಗೆ ಸರಿಯಾಗಿ ಹೊಟ್ಟೆ ತುಂಬ ಊಟ. ಆಟಗಾರರಿಗೆ ಬೆಳಿಗ್ಗೆ ಮೊಟ್ಟೆ, ಹಾಲು ಬೇರೆ. ಎರಡು, ಕಾಲಿಗೆ ಅಳತೆಯ ಬೂಟು. ಮೂರು, ಮಟ್ಟವಾದ ಮೈದಾನ. ನಾಲ್ಕು, ದಿನವೂ ಆಡಲು ಬಿಡುವು. ಅದನ್ನು ಸೋಮಾರಿತನವೆಂದು ಯಾರೂ ಅನ್ನದ ಬಿಡುವು. ಬೂಟಿನ ಮಾತು ಸಣ್ಣದೆಂದು ತಿಳಿಯಬಾರದು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಮ್ಮವರಲ್ಲಿ ಹಲವರು ಬರಿಗಾಲಿನಲ್ಲಿ ಆಡಿ ಫ್ರಾನ್ಸಿಗೆ 2–1ರಿಂದ ಸೋತರು. ನಮ್ಮ ಏಕಮಾತ್ರ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. 1952ರಲ್ಲಿ ಹೆಲ್ಸಿಂಕಿಯಲ್ಲಿ ಯುಗೋಸ್ಲಾವಿಯ 10–1ರಿಂದ ಸೋಲಿಸಿದ ಮೇಲೆಯೇ ನಮ್ಮಲ್ಲಿ ಬೂಟು ಕಡ್ಡಾಯವಾದದ್ದು. ಬೂಟಿನಲ್ಲಿ ನಡೆಯುವುದು, ಓಡುವುದು ಸಿಪಾಯಿಗೆ ದಿನದ ಕಸುಬು. ಊರಿನ ಕ್ಲಬ್ಬಿನ ಹುಡುಗ ಕಷ್ಟಪಟ್ಟು ಕಲಿಯಬೇಕಾದ್ದು ಅವನಿಗೆ ಮೊದಲೇ ಅಭ್ಯಾಸವಾಗಿತ್ತೆಂಬುದು ನನ್ನ ಊಹೆ.

ಈಗ ಇದೇ ನಾಲ್ಕನ್ನು ನಮ್ಮ ಕಾಲೇಜಿಗೆ ಹಚ್ಚಿ ನೋಡೋಣ. ಹತ್ತನೆಯ ತರಗತಿಯವರೆಗೆ ಸರ್ಕಾರಿ ಶಾಲೆಯಲ್ಲಿ ನಮಗೆ ಮಧ್ಯಾಹ್ನದ ಬಿಸಿಯೂಟವಿತ್ತು. ಹನ್ನೊಂದಕ್ಕೆ ಕಾಲಿಟ್ಟ ದಿನವೇ ಅದು ನಿಂತಿತು. ಹದಿನಾರು ತುಂಬಿದವನಿಗೆ ಹಸಿವು ಕಡಮೆಯಾಗುವುದೆಂದು ಯಾರು ಲೆಕ್ಕ ಹಾಕಿದರೋ ತಿಳಿಯದು. ಬೂಟಿನ ವಿಷಯ: ನಮ್ಮ ತಂಡದಲ್ಲಿ ಹನ್ನೊಂದು ಮಂದಿಗೆ ಆರು ಜೊತೆ ಒಳ್ಳೆಯ ಬೂಟುಗಳು. ಮೈದಾನವಿದೆ, ಅದರ ಪೂರ್ವದ ಮೂಲೆಯಲ್ಲಿ ಕಟ್ಟಡದ ಉಳಿಕೆ ಜಲ್ಲಿ ಮೂರು ವರ್ಷದಿಂದ ಬಿದ್ದಿದೆ, ಉಳಿದ ಭಾಗ ವಾಹನಗಳಿಗೆ ನಿಲ್ದಾಣ. ಬಿಡುವು? ಪಾಠ ಮುಗಿಯುವುದು ನಾಲ್ಕೂವರೆಗೆ, ನಮ್ಮೂರಿನ ಕಡೆಗೆ ಹೋಗುವ ಕಡೆಯ ಬಸ್ಸು 5 ಗಂಟೆ 20 ನಿಮಿಷಕ್ಕೆ. ಬಸ್ಸು ನಿಲ್ದಾಣಕ್ಕೆ ನಡೆಯಲು ಇಪ್ಪತ್ತು ನಿಮಿಷ. ಉಳಿಯುವ ಅರ್ಧ ಗಂಟೆಯಲ್ಲಿ ಬಟ್ಟೆ ಬದಲಾಯಿಸಿ ಚೆಂಡು ಮುಟ್ಟುವಷ್ಟರಲ್ಲಿ ಹೊರಡಬೇಕು. ಹೀಗಿರುವಾಗ ಎಪ್ಪತ್ತನೆಯ ನಿಮಿಷದಲ್ಲಿ ಕಾಲು ಸೋತರೆ ಅದಕ್ಕೆ ಹಳ್ಳಿಯಲ್ಲಿ ಹುಟ್ಟಿದ್ದು ಕಾರಣವೆ?

ಈ ವಾದಕ್ಕೆ ಆಕ್ಷೇಪಗಳಿವೆ. ಅವುಗಳಲ್ಲಿ ಎರಡನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ.

ಮೊದಲನೆಯದು, ದಂಡಿನ ಕಥೆಯನ್ನು ಕಾಲೇಜಿಗೆ ತರುವುದು ಉಚಿತವಲ್ಲ ಎಂಬುದು. ಸೈನ್ಯದಲ್ಲಿ ಶಿಸ್ತು ಇದೆ, ಆಜ್ಞೆ ಇದೆ. ಅನ್ನ, ಬಟ್ಟೆ, ಬೂಟು ಕೊಡುವುದು ಪ್ರಾಣದ ಬೆಲೆಗೆ. ಇದು ಒಪ್ಪತಕ್ಕ ಮಾತು. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ಡ್ಯೂರಾಂಡ್ ಪಂದ್ಯಾವಳಿ ನಡೆಯಲಿಲ್ಲ. ಸಿಪಾಯಿಯ ಆಟ ಎಷ್ಟು ಹೊತ್ತಿನದೆಂದು ಅದರಿಂದ ತಿಳಿಯುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೈನ್ಯದ 87,000 ಜನ ಸತ್ತರು. ಸೈನ್ಯವನ್ನೋ ಯುದ್ಧವನ್ನೋ ಹೊಗಳಲು ನಾನು ಲೇಖನಿ ಹಿಡಿದಿಲ್ಲ. ಆದರೆ ಈ ಆಕ್ಷೇಪವೇ ನನ್ನ ಮನಸ್ಸಿನಲ್ಲಿ ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ. ದಕ್ಷಿಣದ ಬಡ ಹುಡುಗನಿಗೆ ಮೂರು ಹೊತ್ತು ಅನ್ನ, ಕಾಲಿಗೆ ಬೂಟು, ಆಡಲು ಮೈದಾನ ಕೊಡಬೇಕೆಂದು ಸರ್ಕಾರಕ್ಕೆ ತೋಚಿದ್ದು ಅವನ ಪ್ರಾಣ ಬೇಕಾದಾಗ. ನ್ಯಾಯವೆಂದು ಕೊಡಲಿಲ್ಲ, ಬೇಕಾಯಿತೆಂದು ಕೊಟ್ಟರು. ಕೊಟ್ಟ ಮೇಲೆ, ಅವನಲ್ಲಿ ಕೊರತೆಯೇ ಇರಲಿಲ್ಲವೆಂದು ಹತ್ತು ವರ್ಷದೊಳಗೆ ಲೋಕಕ್ಕೆ ತಿಳಿಯಿತು. ಹಾಗಾದರೆ ಜನರೇ ನಡೆಸುವ ಸರ್ಕಾರದಲ್ಲಿ, ಯಾವ ಯುದ್ಧವೂ ಬಾರದೆ, ಯಾರ ಪ್ರಾಣವನ್ನೂ ಕೇಳದೆ, ಅದನ್ನೇ ಕೊಡುವುದು ಅಸಾಧ್ಯವೆ?

ಎರಡನೆಯ ಆಕ್ಷೇಪ ನಮ್ಮ ಮನೆಯೊಳಗಿನದು. ನಮ್ಮ ತಂದೆ ಕೂಲಿ ಮಾಡಿ ನನ್ನನ್ನು ಓದಿಸುತ್ತಿದ್ದಾರೆ. "ನಿನ್ನನ್ನು ಕಳಿಸಿದ್ದು ಓದೋಕೆ. ಚೆಂಡು ಒದ್ದರೆ ಯಾರು ಕೆಲಸ ಕೊಡ್ತಾರೆ?" ಎಂದು ಅವರು ಕೇಳಿದಾಗ ನನಗೆ ಉತ್ತರ ತೋಚುವುದಿಲ್ಲ. ಮೊದಲ ಬಾರಿಗೆ ಪದವಿಯ ಮೆಟ್ಟಿಲು ಹತ್ತಿದ ಮನೆಯಲ್ಲಿ ಪ್ರತಿಯೊಂದು ಗಂಟೆಗೂ ಲೆಕ್ಕ ಕೊಡಬೇಕು. ಇದು ನನ್ನೊಬ್ಬನ ಅನುಭವವಲ್ಲ, ಈ ಕಾಲೇಜಿನ ಮುಕ್ಕಾಲು ಪಾಲು ವಿದ್ಯಾರ್ಥಿಗಳ ಅನುಭವ. ತಂಗರಾಜರ ಹಾಗೆ ನಾವೆಲ್ಲ ಆಗುತ್ತೇವೆಂದು ಹೇಳಿದರೆ ಅದು ಮೋಸದ ಮಾತು. ಆ ಕೇಂದ್ರದಲ್ಲಿ ಆಡಿದ ನೂರಾರು ಜನರಲ್ಲಿ ಲೋಕ ನೆನಪಿಟ್ಟುಕೊಂಡದ್ದು ಒಬ್ಬಿಬ್ಬರನ್ನು. ಆದುದರಿಂದ ನಾನು ನೌಕರಿಯ ಆಸೆ ತೋರಿಸಿ ಆಟದ ಪರ ವಾದಿಸುವುದಿಲ್ಲ. ನಾನು ಹೇಳುವುದಿಷ್ಟೆ: "ನನ್ನ ಕೈಲಿ ಆಗದು" ಎಂಬ ಮಾತನ್ನು ಹೊರಗಿನವರು ಹತ್ತು ಸಲ ಹೇಳಿದರೆ ಹನ್ನೊಂದನೆಯ ಸಲ ನಾವೇ ಹೇಳಿಕೊಳ್ಳುತ್ತೇವೆ. ಮೈದಾನದಲ್ಲಿ ಕಲಿತ ಈ ಮಾತು ಪರೀಕ್ಷೆಯ ಕೊಠಡಿಗೂ ಸಂದರ್ಶನದ ಕೊಠಡಿಗೂ ನಮ್ಮ ಜೊತೆ ಬರುತ್ತದೆ. ನಮ್ಮ ವಿದ್ಯಾರ್ಥಿನಿಯರನ್ನೇ ನೋಡಿ. ಸಂಖ್ಯೆಯಲ್ಲಿ ನಮಗಿಂತ ಹೆಚ್ಚು, ಅಂಕಗಳಲ್ಲಿ ನಮಗಿಂತ ಮುಂದು. ಆದರೂ ಅವರ ತಂಡವೊಂದು ಈ ಕಾಲೇಜಿನಲ್ಲಿಲ್ಲ. ಅವರ ಕೈಲಿ ಆಗದೆಂದು ಪರೀಕ್ಷಿಸಿ ನೋಡಿದವರು ಯಾರು?

ಟೀಕಿಸುವುದು ಸುಲಭ, ದಾರಿ ತೋರಿಸುವುದು ಕಷ್ಟ ಎನ್ನುತ್ತಾರೆ. ಆದಕಾರಣ ನನ್ನ ಅಲ್ಪಮತಿಗೆ ತೋಚಿದ ಕೆಲವು ಸಲಹೆಗಳನ್ನು ಪೂಜ್ಯ ಪ್ರಾಂಶುಪಾಲರ ಮತ್ತು ವಿದ್ಯಾರ್ಥಿ ಸಂಘದವರ ಅವಗಾಹನೆಗೆ ತರುತ್ತೇನೆ. ಮೈದಾನದ ಜಲ್ಲಿಯನ್ನು ತೆಗೆಯಲು ಹಣ ಬೇಕಿಲ್ಲ. ರಾಷ್ಟ್ರೀಯ ಸೇವಾ ಯೋಜನೆಯ ಒಂದು ಭಾನುವಾರ ಸಾಕು, ಮೊದಲ ಬುಟ್ಟಿ ನಾನು ಹೊರುತ್ತೇನೆ. ವಾರಕ್ಕೆ ಎರಡು ದಿನ ಕಡೆಯ ಅವಧಿಯನ್ನು ಆಟಕ್ಕೆ ಬಿಟ್ಟರೆ ಬಸ್ಸಿನ ಹುಡುಗರೂ ಆಡಬಹುದು. ಬೂಟುಗಳನ್ನು ಕಾಲೇಜೇ ಕೊಂಡು ಗ್ರಂಥಾಲಯದ ಪುಸ್ತಕದ ಹಾಗೆ ಎರವಲು ಕೊಡಬಹುದು. ಪಂದ್ಯದ ದಿನವಾದರೂ ಆಟಗಾರರಿಗೆ ಊಟ ಹಾಕಿಸಬೇಕು. ಹನ್ನೊಂದು ಊಟಕ್ಕೆ ಆಗುವ ಖರ್ಚು ನಮ್ಮ ವಾರ್ಷಿಕೋತ್ಸವದ ಹಾರತುರಾಯಿಗಳ ಖರ್ಚಿಗಿಂತ ಹೆಚ್ಚಲ್ಲ. ಕಡೆಯದಾಗಿ, ಈ ಕಾಲೇಜಿನಲ್ಲಿ ಆಡಿದವರ ಹೆಸರು, ಊರು, ವರ್ಷ ಬರೆದಿಡುವ ಒಂದು ಪುಸ್ತಕ ಬೇಕು. ಡ್ಯೂರಾಂಡ್ ವಿಜೇತರ ಪಟ್ಟಿಯಲ್ಲಿ ವೆಲ್ಲಿಂಗ್ಟನ್ನಿನ ಹೆಸರು ಎರಡೇ ಸಾಲು. ಆ ಎರಡು ಸಾಲು ಇದ್ದುದರಿಂದ ನಾನಿಂದು ಇಷ್ಟನ್ನಾದರೂ ಬರೆದೆ. ನಮ್ಮದು ಒಂದು ಸಾಲೂ ಇಲ್ಲ.

ಕಪ್ಪು ಗೆಲ್ಲುವ ಶಕ್ತಿ ನಮ್ಮ ನೆಲಕ್ಕಿಲ್ಲವೆಂದು ಹೇಳುವಂತಿಲ್ಲ. 1946–47ರಲ್ಲಿಯೂ 1952–53ರಲ್ಲಿಯೂ ಮೈಸೂರಿನ ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಪಡೆಯಿತು. 1968–69ರ ಗೆಲುವಿನ ಬಳಿಕ ಐವತ್ತಕ್ಕೂ ಹೆಚ್ಚು ವರ್ಷ ಕಾದು, 2023ರ ಮಾರ್ಚಿಯಲ್ಲಿ, ರಿಯಾದಿನಲ್ಲಿ ಕರ್ನಾಟಕ ಮೇಘಾಲಯವನ್ನು 3–2ರಿಂದ ಸೋಲಿಸಿತು. ಐವತ್ತು ವರ್ಷ ನಮ್ಮ ಹುಡುಗರ ಕಾಲಿಗೇನು ಬರ ಬಂದಿತ್ತೆ?

ಈ ಲೇಖನವನ್ನು ಕಳುಹಿಸುವ ಮೊದಲು ತಾತನಿಗೆ ಓದಿ ಹೇಳಿದೆ. ಕಣ್ಣು ಮುಚ್ಚಿಕೊಂಡು ಪೂರ್ತಿ ಕೇಳಿದರು. ಲಾರ್ಡ್ ರಾಬರ್ಟ್ಸನ ಭಾಗ ಅವರಿಗೆ ಹಿಡಿಸಿದಂತೆ ಕಾಣಲಿಲ್ಲ. ದೊಡ್ಡವರ ಮಾತು ನಮಗ್ಯಾಕೆ ಎಂದರು. 1958ರ ಗೆಲುವಿನ ಸುದ್ದಿ ಬಂದ ಸಂಜೆ ಅಡುಗೆಮನೆಯಲ್ಲಿ ತಾವು ಕೇಸರಿಬಾತು ಮಾಡಿದ್ದನ್ನು ನಾನು ಬರೆಯದೆ ಬಿಟ್ಟೆನೆಂದು ಆಕ್ಷೇಪಿಸಿದರು. ಆಮೇಲೆ, "ಮುಂದಿನ ಪಂದ್ಯ ಎಂದು? ಹೇಳು, ರೊಟ್ಟಿ ಕಟ್ಟಿಸಿ ಕಳಿಸ್ತೀನಿ, ಆ ಐದು ಜನಕ್ಕೂ" ಎಂದರು. ಪಂದ್ಯ ಬರುವ ತಿಂಗಳು. ನನಗದು ಈ ಕಾಲೇಜಿನ ಕಡೆಯ ಪಂದ್ಯ. ತಾತನ ರೊಟ್ಟಿಯನ್ನು ತರುತ್ತೇನೆ. ಆದರೆ ನಾನು ಹೋದ ಬಳಿಕ ಬರುವ ಹುಡುಗರಿಗೆ ಯಾರ ತಾತ ರೊಟ್ಟಿ ಕಟ್ಟಬೇಕು ಎಂಬುದನ್ನು ಹಿರಿಯರು ಯೋಚಿಸಬೇಕೆಂದು ವಿನಯಪೂರ್ವಕವಾಗಿ ಪ್ರಾರ್ಥಿಸಿ ವಿರಮಿಸುತ್ತೇನೆ.

— ಅಂತಿಮ ಬಿ.ಎ. ವಿದ್ಯಾರ್ಥಿ